ಕಾಚ, ರತ್ನ, ತೈಲ: ಜೈನ ದಾನಪರಂಪರೆಯಲ್ಲಿ ವಸ್ತುಪರೀಕ್ಷೆ

ಕ್ರಿ.ಶ. 1883ರಲ್ಲಿ ಮುಂಬಯಿಯ ಸೇಠ್ ಮಾಣಿಕಚಂದ್ ಹೀರಾಚಂದರು ಸಂಘಸಮೇತರಾಗಿ ಮೂಡುಬಿದಿರೆಗೆ ಯಾತ್ರೆ ಬಂದರು. ಅವರು ವೃತ್ತಿಯಿಂದ ರತ್ನವರ್ತಕರು. ಸಿದ್ಧಾಂತ ಬಸದಿಯಲ್ಲಿ ಅವರಿಗೆ ರತ್ನಪ್ರತಿಮೆಗಳ ದರ್ಶನವಾಯಿತು. ಅದರೊಡನೆ ಧವಲಾದಿ ಸಿದ್ಧಾಂತ ಗ್ರಂಥಗಳ ತಾಡಪತ್ರ ಪ್ರತಿಗಳ ದರ್ಶನವೂ ಆಯಿತು. ರತ್ನಗಳನ್ನು ಬಲ್ಲ ಆ ಕಣ್ಣು ರತ್ನಗಳಿಗಿಂತ ಹೆಚ್ಚಾಗಿ ಗರಿಗಳ ಮೇಲೆ ನಿಂತಿತು. ಅವು ಜೀರ್ಣವಾಗುತ್ತಿರುವುದನ್ನು ಅವರು ಕಂಡುಕೊಂಡರು. ಗ್ರಂಥಗಳು ಪೂಜೆಗೂ ದರ್ಶನಕ್ಕೂ ಮೀಸಲಾಗಿದ್ದವು. ಅವನ್ನು ಓದಬಲ್ಲವರು ತೀರ ವಿರಳವಾಗಿದ್ದರು. ಷಟ್ಖಂಡಾಗಮದ ಪ್ರಥಮ ಸಂಪುಟದ (1939) ಪ್ರಸ್ತಾವನೆಯಲ್ಲಿ ಡಾ. ಹೀರಾಲಾಲ ಜೈನರು ಈ ವೃತ್ತಾಂತವನ್ನು ದಾಖಲಿಸಿದ್ದಾರೆ. ಹೊಳೆಯುವ ವಸ್ತುವಿನ ಆಕರ್ಷಣೆ ಎಂತಹುದು, ಅದರ ನಿಜವಾದ ಬೆಲೆಯನ್ನು ನಿರ್ಣಯಿಸುವ ವಿವೇಕ ಎಂತಹುದು ಎಂಬ ಪ್ರಶ್ನೆಗೆ ಈ ಘಟನೆ ಉತ್ತಮ ಪೀಠಿಕೆಯಾಗಿದೆ.

ಜಿನಾಗಮವು ರತ್ನವನ್ನು ಮೊದಲು ದ್ರವ್ಯವೆಂದೇ ನೋಡುತ್ತದೆ. ಮೂಲಾಚಾರವೂ ಉತ್ತರಾಧ್ಯಯನವೂ ಪೃಥ್ವೀಕಾಯದ ಭೇದಗಳನ್ನು ಎಣಿಸುವಾಗ ಮಣ್ಣು, ಮರಳು, ಉಪ್ಪು, ಲೋಹಗಳ ಸಾಲಿನಲ್ಲಿಯೇ ಗೋಮೇದಕ, ಸ್ಫಟಿಕ, ಮರಕತ, ಇಂದ್ರನೀಲ, ವೈಡೂರ್ಯಗಳನ್ನೂ ಹೇಳುತ್ತವೆ. ಅರಸನ ಕಿರೀಟದ ಮಣಿಯೂ ಅವನ ಕಾಲ ಕೆಳಗಿನ ಮರಳೂ ಇಲ್ಲಿ ಒಂದೇ ವರ್ಗಕ್ಕೆ ಸೇರಿದವು. ಆದರೂ ರತ್ನವೆಂಬ ಶಬ್ದವನ್ನು ಪರಂಪರೆ ತ್ಯಜಿಸಲಿಲ್ಲ. ಸಮ್ಯಗ್ದರ್ಶನ, ಜ್ಞಾನ, ಚಾರಿತ್ರಗಳಿಗೆ ರತ್ನತ್ರಯವೆಂದೂ, ಸಮಂತಭದ್ರಾಚಾರ್ಯರ ಶ್ರಾವಕಾಚಾರಕ್ಕೆ ರತ್ನಕರಂಡಕವೆಂದೂ ಹೆಸರಾಯಿತು. ಕರಂಡಕವೆಂದರೆ ಆಭರಣದ ಭರಣಿ. ಕಣ್ಣನ್ನು ಸೆಳೆಯುವ ಗುಣವನ್ನು ಮನಸ್ಸನ್ನು ಸೆಳೆಯಬೇಕಾದ ವಸ್ತುವಿಗೆ ವರ್ಗಾಯಿಸಿದ ಕ್ರಮವಿದು.

ಬಣ್ಣದ ಗಾಜಿನ ಸ್ಥಾನ ಇದಕ್ಕಿಂತ ಭಿನ್ನ. ಕರ್ನಾಟಕದಲ್ಲಿ ಗಾಜಿನ ಬಳಕೆ ಅತಿ ಪ್ರಾಚೀನವೆಂಬುದಕ್ಕೆ ಬ್ರಹ್ಮಗಿರಿ (1947), ಮಸ್ಕಿ (1954) ಮೊದಲಾದ ನೆಲೆಗಳ ಉತ್ಖನನದಲ್ಲಿ ದೊರೆತ ಅವಶೇಷಗಳು ಸಾಕ್ಷಿ. ಮರಳು ಮತ್ತು ಕ್ಷಾರಗಳನ್ನು ಕರಗಿಸಿ ಗಾಜನ್ನು ಮಾಡುವರು. ಅದರಲ್ಲಿ ಸೇರಿದ ತಾಮ್ರದಿಂದ ಹಸುರು, ನೀಲಿ ಅಥವಾ ಕೆಂಪು, ಕಬ್ಬಿಣದಿಂದ ಹಸುರು, ಕೋಬಾಲ್ಟಿನಿಂದ ಗಾಢ ನೀಲಿ, ಮ್ಯಾಂಗನೀಸಿನಿಂದ ನೇರಿಳೆ ಬಣ್ಣ ಬರುತ್ತದೆ. ಹೀಗಾಗಿ ಮರಕತದ ಹಸುರನ್ನಾಗಲಿ ಇಂದ್ರನೀಲದ ನೀಲಿಯನ್ನಾಗಲಿ ಗಾಜಿನಲ್ಲಿ ತರುವುದು ಅಸಾಧ್ಯವಲ್ಲ. ಉತ್ತರಾಧ್ಯಯನದ ಇಪ್ಪತ್ತನೆಯ ಅಧ್ಯಯನದಲ್ಲಿ ಮುನಿಯು ಶ್ರೇಣಿಕ ಮಹಾರಾಜನಿಗೆ ಬೋಧಿಸುವಾಗ, ಚಾರಿತ್ರಹೀನ ಸಾಧುವನ್ನು ಬರಿಯ ಮುಷ್ಟಿಗೂ ಖೋಟಾ ನಾಣ್ಯಕ್ಕೂ ವೈಡೂರ್ಯದಂತೆ ಹೊಳೆಯುವ ಕಾಚಮಣಿಗೂ ಹೋಲಿಸಿದ್ದಾನೆ. ಬಲ್ಲವರ ಮುಂದೆ ಅಂತಹ ಮಣಿಗೆ ಬೆಲೆಯಿಲ್ಲವೆಂಬುದು ಅಲ್ಲಿಯ ತಾತ್ಪರ್ಯ. ಇಲ್ಲಿ ದೋಷ ಗಾಜಿನದಲ್ಲ. ಗಾಜು ಗಾಜೆಂದೇ ಬಳಕೆಯಾದಾಗ ಅದು ಬಳೆ, ಅದು ಮಣಿಸರ. ವೈಡೂರ್ಯವೆಂದು ಮಾರಾಟವಾದಾಗ ಮಾತ್ರ ಅದು ವಂಚನೆ.

ಈ ವಂಚನೆಯ ನಿವಾರಣೆಗಾಗಿಯೇ ರತ್ನಪರೀಕ್ಷಾಶಾಸ್ತ್ರ ಬೆಳೆಯಿತು. ಗರುಡಪುರಾಣದ ರತ್ನಪ್ರಕರಣವು ಲೋಹ, ಪುಷ್ಯರಾಗ, ಗೋಮೇದಕ, ವೈಡೂರ್ಯ, ಸ್ಫಟಿಕ, ಗಾಜುಗಳಿಂದ ಕುಶಲರು ಕೃತಕ ವಜ್ರಗಳನ್ನು ಮಾಡುವರೆಂದು ಎಚ್ಚರಿಸಿ, ಕ್ಷಾರ, ಗೀರುವಿಕೆ, ಸಾಣೆ ಎಂಬ ಮೂರು ಪರೀಕ್ಷೆಗಳನ್ನು ವಿಧಿಸುತ್ತದೆ. ಈ ಶಾಸ್ತ್ರಕ್ಕೆ ಜೈನರ ಕೊಡುಗೆ ಅಲ್ಪವಲ್ಲ. ಅಲ್ಲಾವುದ್ದೀನ ಖಿಲ್ಜಿಯ ಆಡಳಿತದಲ್ಲಿ ಅಧಿಕಾರಿಯಾಗಿದ್ದ ಶ್ರೀಮಾಲ ಜೈನ ಠಕ್ಕುರ ಫೇರು 1315ರಲ್ಲಿ ಪ್ರಾಕೃತದಲ್ಲಿ ರಯಣಪರಿಕ್ಖಾ ಎಂಬ ಗ್ರಂಥವನ್ನು ರಚಿಸಿದನು. ರಾಜಭಂಡಾರದ ರತ್ನಗಳನ್ನು ಕಣ್ಣಾರೆ ಕಂಡವನ ಕೃತಿಯಿದು. ಆ ಭಂಡಾರದ ರತ್ನಗಳು ಕೈಯಿಂದ ಕೈಗೆ ಹಾದು ಚದುರಿದವು. ಅವುಗಳ ಪರೀಕ್ಷಾಕ್ರಮವಾದರೋ ಹಸ್ತಪ್ರತಿಯೊಂದರಲ್ಲಿ ಉಳಿದು, ಅಗರ್‌ಚಂದ್ ನಾಹಟಾ ಮತ್ತು ಭಂವರ್‌ಲಾಲ್ ನಾಹಟಾ ಅವರ ಶೋಧದಿಂದ ಇಪ್ಪತ್ತನೆಯ ಶತಮಾನದಲ್ಲಿ ಬೆಳಕಿಗೆ ಬಂದಿತು.

ಕನ್ನಡ ನಾಡಿನಲ್ಲಿ ರತ್ನದಾನವೂ ಶಾಸ್ತ್ರದಾನವೂ ಒಂದೇ ಕೈಯಿಂದ ನಡೆದುದಕ್ಕೆ ದಾನಚಿಂತಾಮಣಿ ಅತ್ತಿಮಬ್ಬೆ ಅಪೂರ್ವ ನಿದರ್ಶನ. ಆಕೆ ಮಣಿಖಚಿತವಾದ 1500 ಸುವರ್ಣಪ್ರತಿಮೆಗಳನ್ನು ಮಾಡಿಸಿದಳೆಂದೂ, ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದೂ ಪ್ರಸಿದ್ಧಿಯಿದೆ. ಪ್ರತಿಮೆಗಳು ಆಕೆಯ ಕೀರ್ತಿಯಲ್ಲಿ ಉಳಿದಿವೆ. ಶಾಂತಿಪುರಾಣವು ಓದಿಗೇ ಉಳಿದಿದೆ. ಮಹಾಬಂಧದ ತಾಡಪತ್ರ ಪ್ರತಿಯ ಪ್ರಶಸ್ತಿಯೂ ಇಲ್ಲಿ ಸ್ಮರಣೀಯ. ಸೇನನ ಪತ್ನಿ ಮಲ್ಲಿಕಬ್ಬೆಯು ಶ್ರೀಪಂಚಮೀ ವ್ರತದ ಉದ್ಯಾಪನೆಗಾಗಿ ಅದನ್ನು ಬರೆಯಿಸಿ ಮಾಘನಂದಿ ಆಚಾರ್ಯರಿಗೆ ಅರ್ಪಿಸಿದಳೆಂದು ಅದು ತಿಳಿಸುತ್ತದೆ. ವ್ರತ ಮುಗಿದಾಗ ಕೊಡಬೇಕಾದ ಕಾಣಿಕೆಯಾಗಿ ಆ ಶ್ರಾವಿಕೆ ಆರಿಸಿಕೊಂಡದ್ದು ಗ್ರಂಥವನ್ನು.

ತೈಲದ ದಾನ ರತ್ನದಾನದಷ್ಟು ಕಣ್ಣಿಗೆ ಬೀಳುವಂಥದಲ್ಲ. ಶಾಸನಗಳಲ್ಲಿ ನಂದಾದೀವಿಗೆಗಾಗಿ ತೆಲ್ಲಿಗರು ಗಾಣಕ್ಕೆ ಇಷ್ಟು ಸೊಲ್ಲಿಗೆ ಎಣ್ಣೆಯೆಂದು ಬಿಟ್ಟ ದತ್ತಿಗಳು ಸಾಮಾನ್ಯವಾಗಿ ಕಂಡುಬರುತ್ತವೆ. ಚತುರ್ವಿಧ ದಾನಗಳಲ್ಲಿ ಒಂದಾದ ಔಷಧದಾನದಲ್ಲಿಯೂ ತೈಲಕ್ಕೆ ಸ್ಥಾನವಿದೆ. ಮೂಲಿಕೆಯ ಕಲ್ಕ ಒಂದು ಪಾಲು, ಎಣ್ಣೆ ನಾಲ್ಕು ಪಾಲು, ಕಷಾಯಾದಿ ದ್ರವ ಹದಿನಾರು ಪಾಲು ಸೇರಿಸಿ, ನೀರಿನಂಶ ಆರುವವರೆಗೆ ಮೆಲುಬೆಂಕಿಯಲ್ಲಿ ಕಾಸುವುದು ತೈಲಪಾಕದ ಸಾಮಾನ್ಯ ವಿಧಿ. ಮನೆಯ ಒಲೆಯ ಮೇಲೆ ಕೈಗೂಡುವ ಈ ಪಾಕಕ್ಕೆ ಬೇಕಾದುದು ಧನಕ್ಕಿಂತ ತಾಳ್ಮೆ. ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿ ಚಿಕಿತ್ಸೆಯನ್ನು ನಿರೂಪಿಸಿದ ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕವು ಔಷಧವನ್ನೂ ಅಹಿಂಸೆಯ ಒರೆಗಲ್ಲಿಗೆ ಹಚ್ಚಿದ ಗ್ರಂಥ. ದ್ರವ್ಯ ಗುಣಕಾರಿಯೇ ಎಂಬುದರ ಜೊತೆಗೆ ಅದು ಎಲ್ಲಿಂದ ಬಂದಿತು ಎಂಬುದನ್ನೂ ಅಲ್ಲಿ ಪರೀಕ್ಷಿಸಲಾಗಿದೆ.

ಹಸ್ತಪ್ರತಿಗಳ ಕ್ಷೇತ್ರದಲ್ಲಿ ಈ ಪರೀಕ್ಷೆಯ ಅಗತ್ಯ ಇನ್ನೂ ಹೆಚ್ಚು. ಒಣಗಿದ ಗರಿ ಮುರಿಯುತ್ತದೆ. ಅದಕ್ಕೆ ಮಜ್ಜಿಗೆಹುಲ್ಲಿನ ಎಣ್ಣೆಯನ್ನು ತೆಳುವಾಗಿ ಲೇಪಿಸಿದರೆ ಗರಿಗೆ ಮೃದುತ್ವ ಬರುತ್ತದೆ, ಹುಳುಗಳ ಬಾಧೆ ತಗ್ಗುತ್ತದೆ. ಕಂಠದಿಂದ ಕೊರೆದು ಕಾಡಿಗೆ ತುಂಬಿದ ಗರಿಗಳಿಗೆ ಇದು ಒಪ್ಪುವ ಉಪಚಾರ. ಆದರೆ ಮಸಿಯಿಂದ ಬರೆದ ಗರಿಗಳ ಸಂಗತಿ ಬೇರೆ. ಅಲ್ಲಿ ಅಕ್ಷರವು ಗರಿಯ ಒಳಗಿಲ್ಲ, ಮೇಲಿದೆ. ತೈಲದ ಕೈ ಉಜ್ಜಿದರೆ ಅಕ್ಷರವೇ ಅಳಿಸಬಹುದು. ಮೂಡುಬಿದಿರೆಯ ಸಿದ್ಧಾಂತ ಪ್ರತಿಗಳು ಹೀಗೆ ಮಸಿಯಿಂದ ಬರೆದವು. ಹನ್ನೆರಡನೆಯ ಶತಮಾನದ ವರ್ಣಚಿತ್ರಗಳನ್ನೂ ಒಳಗೊಂಡವು. ಒಂದು ಗರಿಗೆ ಅಮೃತವಾದ ತೈಲ ಇನ್ನೊಂದು ಗರಿಗೆ ವಿಷವಾಗುತ್ತದೆ. ಭಕ್ತಿಯಿಂದ ಎಣ್ಣೆಯ ಪಾತ್ರೆಯನ್ನು ತಂದವನು ಮೊದಲು ಗರಿಯನ್ನು ಬೆಳಕಿಗೆ ಹಿಡಿದು, ಅಕ್ಷರ ಕೊರೆದುದೋ ಬರೆದುದೋ ಎಂದು ನೋಡಬೇಕು. ಅತಿಯಾದ ಲೇಪನವೂ ಧೂಳನ್ನು ಹಿಡಿದು ಗರಿಗಳನ್ನು ಒಂದಕ್ಕೊಂದು ಅಂಟಿಸುತ್ತದೆ.

ಮಾಣಿಕಚಂದರ ದೃಷ್ಟಿಯ ಫಲ ಕಾಲಾಂತರದಲ್ಲಿ ದೊರೆಯಿತು. ಸೊಲ್ಲಾಪುರದ ಹೀರಾಚಂದ ನೇಮಚಂದರ ಪ್ರಯತ್ನ, ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳ ಮತ್ತು ಗಜಪತಿ ಉಪಾಧ್ಯಾಯರ ಲೇಖನಕಾರ್ಯಗಳಿಂದ ಪ್ರತಿಲಿಪಿಗಳು ಸಿದ್ಧವಾದವು. 1939ರಿಂದ 1958ರವರೆಗೆ ಧವಲಾಟೀಕಾಸಹಿತ ಷಟ್ಖಂಡಾಗಮ ಹದಿನಾರು ಸಂಪುಟಗಳಲ್ಲಿ ಪ್ರಕಟವಾಯಿತು. ಇತ್ತ 2013ರ ಜುಲೈಯಲ್ಲಿ ಅದೇ ಸಿದ್ಧಾಂತ ಬಸದಿಯಿಂದ ಕೆಲವು ಅಮೂಲ್ಯ ಪ್ರತಿಮೆಗಳು ಕಳುವಾದವು. ಕದ್ದವನಿಗೆ ಕಂಡದ್ದು ರತ್ನದ ಬೆಲೆ ಮಾತ್ರ, ಅದರಲ್ಲಿದ್ದ ಜಿನಬಿಂಬವಲ್ಲ. ಪ್ರತಿಲಿಪಿಯಾಗಿ ಹರಡಿದ ಶ್ರುತವನ್ನು ಹಾಗೆ ಕದಿಯಲಾಗದು.

ಪ್ರತಿವರ್ಷ ಜ್ಯೇಷ್ಠ ಶುಕ್ಲ ಪಂಚಮಿಯಂದು ಶ್ರುತಪೂಜೆ ನಡೆಯುತ್ತದೆ. ಶಾಸ್ತ್ರಭಂಡಾರದ ಕಟ್ಟುಗಳನ್ನು ಹೊರತೆಗೆದು, ಧೂಳು ಕೊಡವಿ, ಹೊಸ ವಸ್ತ್ರ ಸುತ್ತುವ ಸಂಪ್ರದಾಯ ಆ ದಿನದ್ದು. ಅಂದು ಕಟ್ಟನ್ನು ಬಿಚ್ಚಿದವನು ಅರ್ಘ್ಯ ಎತ್ತುವುದಕ್ಕೆ ಮೊದಲು ಒಂದು ಗರಿಯನ್ನಾದರೂ ಪರೀಕ್ಷಕನ ಕಣ್ಣಿನಿಂದ ನೋಡಿದರೆ, 1883ರಲ್ಲಿ ಆ ರತ್ನವರ್ತಕರು ಮಾಡಿದ ಪೂಜೆಯೇ ಅಲ್ಲಿ ಮುಂದುವರಿಯುತ್ತದೆ.