ಹೊಸದಾಗಿ ಬಂದಿಳಿದವರು

ಸೆಪ್ಟೆಂಬರ್ ಹತ್ತಿರವಾಯಿತೆಂದರೆ ಊರಿನಿಂದ ಒಂದೇ ಬಗೆಯ ಫೋನುಗಳು ಬರತೊಡಗುತ್ತವೆ. ಯಾರದೋ ಅಕ್ಕನ ಮಗ, ಯಾರದೋ ಪಕ್ಕದ ಮನೆಯ ಹುಡುಗಿ, ಲೀಡ್ಸಿಗೋ ಕವೆಂಟ್ರಿಗೋ ಓದಲು ಬರುತ್ತಿದ್ದಾರೆ. "ನೀವು ಅಲ್ಲೇ ಇದ್ದೀರಲ್ಲ, ಸ್ವಲ್ಪ ನೋಡಿಕೊಳ್ಳಿ" ಎನ್ನುತ್ತಾರೆ. ಲಂಡನ್ನಿನಿಂದ ಲೀಡ್ಸಿಗೆ ಎಷ್ಟು ದೂರ ಎಂದು ವಿವರಿಸುವ ಗೋಜಿಗೆ ನಾವು ಹೋಗುವುದಿಲ್ಲ. ಫೋನ್ ಇಡುವ ಮುಂಚೆ ಅವರೇ ದನಿ ತಗ್ಗಿಸಿ ಇನ್ನೊಂದು ಮಾತು ಸೇರಿಸುತ್ತಾರೆ: "ಹಾಗೇ ಒಂದು ಕಣ್ಣಿಟ್ಟಿರಿ."

ನೋಡಿಕೊಳ್ಳುವುದು ಮತ್ತು ಕಣ್ಣಿಡುವುದು. ನಮ್ಮ ಮಾತಿನಲ್ಲಿ ಇವೆರಡೂ ಅಕ್ಕಪಕ್ಕದ ಮನೆಯವು. ಆದರೆ ಈ ಊರಿಗೆ ಓದಲು ಬಂದ ಭಾರತೀಯರ ಚರಿತ್ರೆಯಲ್ಲಿ ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂಬುದೇ ದೊಡ್ಡ ಜಗಳವಾಗಿತ್ತು. ಆ ಜಗಳದಲ್ಲಿ ಜೀವಗಳೂ ಹೋದವು. ಈಗ ವಿಶ್ವವಿದ್ಯಾಲಯಗಳಲ್ಲಿ ಓರಿಯೆಂಟೇಶನ್, ಫ್ರೆಷರ್ಸ್ ವೀಕ್ ಎಂದು ಬಲೂನು ಕಟ್ಟಿ ನಡೆಸುವ ಕಾರ್ಯಕ್ರಮಗಳ ಹಿಂದೆ ಇಂಥದೊಂದು ಕತೆ ಇದೆ ಎಂದು ನನಗೂ ತಡವಾಗಿಯೇ ಗೊತ್ತಾದದ್ದು.

ಮೊದಲು ಒಂದು ಟೋಪಿಯ ಪ್ರಸಂಗ.

1888ರ ಸೆಪ್ಟೆಂಬರ್ 4ರಂದು ಮುಂಬಯಿಯಲ್ಲಿ ಹಡಗು ಹತ್ತಿದ ಮೋಹನದಾಸ ಗಾಂಧಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಸಮುದ್ರ ದಾಟಲು ಹೊರಟಿದ್ದಕ್ಕೆ ಜಾತಿಯವರು ಬಹಿಷ್ಕಾರ ಹಾಕಿ ಆಗಿತ್ತು. ಹಡಗಿನಿಂದ ಇಳಿಯುವ ದಿನಕ್ಕೆಂದು ಬಿಳಿ ಫ್ಲಾನೆಲ್ ಉಡುಪನ್ನು ಜೋಪಾನವಾಗಿ ಎತ್ತಿಟ್ಟುಕೊಂಡಿದ್ದರಂತೆ. ಇಳಿದು ನೋಡಿದರೆ ಸೆಪ್ಟೆಂಬರ್ ಕೊನೆಯ ಚಳಿಯಲ್ಲಿ ಬಿಳಿ ಬಟ್ಟೆ ತೊಟ್ಟವರು ಇವರೊಬ್ಬರೇ. ಪೆಟ್ಟಿಗೆಗಳು ಏಜೆಂಟರ ಕೈಯಲ್ಲಿ, ಅಂದು ಶನಿವಾರ, ಸೋಮವಾರದವರೆಗೆ ಬೇರೆ ಬಟ್ಟೆ ಇಲ್ಲ. ಕೈಯಲ್ಲಿ ನಾಲ್ಕು ಪರಿಚಯ ಪತ್ರಗಳಿದ್ದವು. ಅವುಗಳಲ್ಲಿ ಒಂದು ಡಾ. ಪ್ರಾಣಜೀವನ ಮೆಹತಾ ಎಂಬುವರಿಗೆ. ತಂತಿ ಕಳಿಸಿದ್ದರಿಂದ ಅವರು ಅದೇ ರಾತ್ರಿ ಎಂಟರ ಹೊತ್ತಿಗೆ ವಿಕ್ಟೋರಿಯಾ ಹೋಟೆಲಿಗೆ ಬಂದರು. ಬಂದವರು ತಮ್ಮ ಎತ್ತರದ ರೇಷ್ಮೆ ಟೋಪಿಯನ್ನು ಕೆಳಗಿಟ್ಟರು. ಗಾಂಧಿ ಅದನ್ನು ಎತ್ತಿಕೊಂಡು, ಅದರ ನುಣುಪು ನೋಡಲು ಕೈಯಾಡಿಸಿದರು. ಆಡಿಸಿದ್ದು ಉಲ್ಟಾ ದಿಕ್ಕಿನಲ್ಲಿ. ನವಿರೆಲ್ಲ ಎದ್ದು ನಿಂತಿತು.

ಮೆಹತಾ ಕಣ್ಣು ಕೆಂಪಗೆ ಮಾಡಿ ತಡೆದರು, ಆಮೇಲೆ ಪಾಠ ಹೇಳಿದರು. ಇನ್ನೊಬ್ಬರ ವಸ್ತು ಮುಟ್ಟಬೇಡ. ಊರಿನಲ್ಲಿ ಕೇಳುವ ಹಾಗೆ ಮೊದಲ ಭೇಟಿಯಲ್ಲೇ ಪ್ರಶ್ನೆಗಳನ್ನು ಕೇಳಬೇಡ. ಜೋರಾಗಿ ಮಾತಾಡಬೇಡ. ಮಾತುಮಾತಿಗೂ 'ಸರ್' ಎನ್ನಬೇಡ, ಇಲ್ಲಿ ಆಳುಗಳು ಮಾತ್ರ ಯಜಮಾನರನ್ನು ಹಾಗೆ ಕರೆಯುತ್ತಾರೆ. ಹೋಟೆಲು ದುಬಾರಿ, ಯಾವುದಾದರೂ ಕುಟುಂಬದ ಜೊತೆ ಇರು. ಇದಕ್ಕಿಂತ ಚೊಕ್ಕವಾದ ಓರಿಯೆಂಟೇಶನ್ ನನಗೆ ಗೊತ್ತಿಲ್ಲ. ('ಸರ್' ಎನ್ನುವ ಚಟ ಬಿಡಲು ನನಗೆ ಎರಡು ವರ್ಷ ಹಿಡಿಯಿತು. ಯಾರೂ ಹೇಳಿರಲಿಲ್ಲ.) ಹೋಟೆಲಿನ ಬಿಲ್ಲು ಮೂರು ಪೌಂಡು ಬಂದದ್ದನ್ನು ನೋಡಿ ಗಾಂಧಿ ದಂಗಾದರು. ಆ ಬೆಲೆಯ ಊಟದಲ್ಲಿ ಅವರಿಗೆ ರುಚಿಸಿದ್ದು ಅಷ್ಟಕ್ಕಷ್ಟೇ. ಮೆಹತಾ ಮುಂದೆ ರಂಗೂನಿನಲ್ಲಿ ವಜ್ರದ ವ್ಯಾಪಾರಿಯಾದರು, ಜೀವನವಿಡೀ ಗಾಂಧಿಯ ಗೆಳೆಯರಾಗಿ ಅವರ ಕೆಲಸಗಳಿಗೆ ಹಣ ಕೊಟ್ಟರು. ಟೋಪಿಯ ನವಿರು ಕೆಡಿಸಿದ ಹುಡುಗನ ಮೇಲೆ ಮುನಿಸು ಉಳಿಯಲಿಲ್ಲ.

ಗಮನಿಸಬೇಕಾದ್ದು, ಈ ವ್ಯವಸ್ಥೆಯಲ್ಲಿ ಸರ್ಕಾರ ಎಲ್ಲೂ ಇಲ್ಲ. ಮೊದಲು ಬಂದವನು ಆಮೇಲೆ ಬಂದವನಿಗೆ ದಾರಿ ತೋರಿಸುವುದು, ಅಷ್ಟೇ. ನಮ್ಮಲ್ಲಿ ಮೈಸೂರು, ಬೆಂಗಳೂರಿಗೆ ಓದಲು ಬಂದ ಬಡ ಹುಡುಗರು ವಾರಾನ್ನದ ಮನೆಗಳನ್ನು ಗೊತ್ತು ಮಾಡಿಕೊಳ್ಳುತ್ತಿದ್ದುದೂ ಹೀಗೆಯೇ. ಸೋಮವಾರ ಇವರ ಮನೆ, ಮಂಗಳವಾರ ಅವರ ಮನೆ ಎಂದು ಹಳಬನೊಬ್ಬ ಹೊಸಬನನ್ನು ಕರೆದುಕೊಂಡು ಹೋಗಿ ಜಗಲಿಯ ಮೇಲೆ ಕೂರಿಸಬೇಕು. ಅಲ್ಲೂ ಅನ್ನದ ಜೊತೆಗೆ ಕಣ್ಣು ಇತ್ತೆನ್ನಿ. ಹುಡುಗ ಯಾರ ಪೈಕಿ, ಸಂಧ್ಯಾವಂದನೆ ಮಾಡುತ್ತಾನೋ ಇಲ್ಲವೋ ಎಂದು ಮನೆಯವರು ವಿಚಾರಿಸುತ್ತಿದ್ದರು. ಜಾತಿಯ ಹೊರಗಿನವನಿಗೆ ಆ ಜಗಲಿಯೇ ಇರಲಿಲ್ಲ.

ಇಲ್ಲಿ ಸಂಸ್ಥೆಗಳು ಇರಲಿಲ್ಲವೆಂದಲ್ಲ. ಮೇರಿ ಕಾರ್ಪೆಂಟರ್ 1870ರಲ್ಲಿ ಬ್ರಿಸ್ಟಲ್‌ನಲ್ಲಿ ಕಟ್ಟಿದ ನ್ಯಾಷನಲ್ ಇಂಡಿಯನ್ ಅಸೋಸಿಯೇಷನ್ ವಿದ್ಯಾರ್ಥಿಗಳಿಗಾಗಿ ಕೈಪಿಡಿ ಅಚ್ಚು ಹಾಕಿಸುತ್ತಿತ್ತು, ಸಂಜೆ ಚಹಾಕೂಟಗಳನ್ನು ಏರ್ಪಡಿಸುತ್ತಿತ್ತು. ಅದರಲ್ಲಿದ್ದವರು ಬಹುಪಾಲು ಒಳ್ಳೆಯ ಮನಸ್ಸಿನ ಇಂಗ್ಲಿಷರು. ಊರಿಗೆ ಹೋದ ಗಾಂಧಿಯೂ ಸುಮ್ಮನೆ ಕೂರಲಿಲ್ಲ. ದಕ್ಷಿಣ ಆಫ್ರಿಕಾ ಸೇರಿದ ಮೇಲೆ 1893-94ರ ಸುಮಾರಿನಲ್ಲಿ, ಲಂಡನ್ನಿಗೆ ಓದಲು ಹೋಗುವವರಿಗೆಂದು ಒಂದು ಮಾರ್ಗದರ್ಶಿ ಬರೆದರು. ಯಾರು ಹೋಗಬೇಕು, ಹೊರಡುವ ಮುಂಚೆ ಏನು ಸಿದ್ಧತೆ, ಯಾವ ಬಟ್ಟೆ ಎಷ್ಟು, ವಾರಕ್ಕೆ ಒಂದು ಪೌಂಡಿನಲ್ಲಿ ಹೇಗೆ ಬದುಕಬಹುದು, ಎಲ್ಲದಕ್ಕೂ ಪಟ್ಟಿ ಇತ್ತು. ಅವರು ಬದುಕಿರುವಾಗ ಅದು ಅಚ್ಚಾಗಲೇ ಇಲ್ಲ. ಈಗ ಅವರ ಸಮಗ್ರ ಬರಹಗಳ ಮೊದಲ ಸಂಪುಟದಲ್ಲಿದೆ. ಬಿಳಿ ಫ್ಲಾನೆಲ್ಲಿನ ಅವಮಾನ ಇನ್ನೊಬ್ಬರಿಗೆ ಆಗಬಾರದು ಎಂಬ ಕಳಕಳಿಯೋ, ಲೆಕ್ಕ ಬರೆಯುವ ಹುಟ್ಟುಗುಣವೋ, ಎರಡೂ ಇರಬಹುದು.

ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಬಣ್ಣ ಬದಲಾಯಿತು. ಬಂಗಾಳ ವಿಭಜನೆ, ಸ್ವದೇಶಿ ಚಳವಳಿ, ಅತ್ತ ವಿದ್ಯಾರ್ಥಿಗಳ ಸಂಖ್ಯೆಯೂ ಏರಿತು. 1907ರ ಹೊತ್ತಿಗೆ ಬ್ರಿಟನ್ನಿನಲ್ಲಿ ಸುಮಾರು 700 ಮಂದಿ ಇದ್ದರು. ಶ್ಯಾಮಜಿ ಕೃಷ್ಣವರ್ಮ 1905ರ ಜುಲೈ 1ರಂದು ಹೈಗೇಟಿನ ಕ್ರಾಮ್‌ವೆಲ್ ಅವೆನ್ಯೂದಲ್ಲಿ 'ಇಂಡಿಯಾ ಹೌಸ್' ತೆರೆದರು. ಹೆಸರಿಗೆ ಹಾಸ್ಟೆಲ್, ಸುಮಾರು ಇಪ್ಪತ್ತೈದು ಹುಡುಗರಿಗೆ ಜಾಗ. ಬಂದಿಳಿದವನಿಗೆ ಅಲ್ಲಿ ಕೋಣೆ ಸಿಗುತ್ತಿತ್ತು, ಊರಿನ ಊಟ ಸಿಗುತ್ತಿತ್ತು, ಜೊತೆಗೆ ಮಾಜಿನಿಯ ಚರಿತ್ರೆಯೂ ಸಿಗುತ್ತಿತ್ತು. 1906ರಲ್ಲಿ ಬಂದ ಸಾವರ್ಕರ್ ಅಲ್ಲಿಯ ನಾಯಕರಾದರು.

ಸರ್ಕಾರಕ್ಕೆ ದಿಗಿಲಾಯಿತು. 1907ರಲ್ಲಿ ಭಾರತೀಯ ವಿದ್ಯಾರ್ಥಿಗಳ ಪರಿಸ್ಥಿತಿ ನೋಡಲು ಒಂದು ಸಮಿತಿ ನೇಮಿಸಿತು. ಅಧ್ಯಕ್ಷರು ಸರ್ ವಿಲಿಯಂ ಲೀ-ವಾರ್ನರ್. 1895ರಲ್ಲಿ ಮೈಸೂರಿನ ರೆಸಿಡೆಂಟರಾಗಿ, ಕೊಡಗಿನ ಚೀಫ್ ಕಮಿಷನರಾಗಿ ಇದ್ದವರು ಇವರೇ. ಸಮಿತಿಯಲ್ಲಿ ಇನ್ನಿಬ್ಬರು: ಥಿಯೊಡೋರ್ ಮಾರಿಸನ್ ಮತ್ತು ಕರ್ಜನ್ ವೈಲಿ. ವಿದ್ಯಾರ್ಥಿಗಳಿಗೆ ವಸತಿ, ಸಲಹೆ, ಒಳ್ಳೆಯ ಸಹವಾಸ ಬೇಕೆಂದು ಅವರು ಹೇಳಿದ್ದು ಸುಳ್ಳೇನಲ್ಲ. ಆದರೆ ವರದಿಯನ್ನು ಗುಟ್ಟಾಗಿಟ್ಟರು. ಅದು ಬೆಳಕು ಕಂಡದ್ದು 1922ರಲ್ಲಿ, ಇನ್ನೊಂದು ಸಮಿತಿಯ ವರದಿಗೆ ಅನುಬಂಧವಾಗಿ. ಹುಡುಗರ ಒಳಿತಿಗೆಂದು ಬರೆದ ವರದಿಯನ್ನು ಆ ಹುಡುಗರಿಂದಲೇ ಹದಿನೈದು ವರ್ಷ ಬಚ್ಚಿಟ್ಟರೆ ಅನುಮಾನ ಹುಟ್ಟದೆ ಇನ್ನೇನಾದೀತು?

ವರದಿಯ ಫಲವಾಗಿ 1909ರಲ್ಲಿ ವಿದ್ಯಾರ್ಥಿಗಳಿಗಾಗಿ ಮಾಹಿತಿ ಕಚೇರಿಯೊಂದು ಶುರುವಾಯಿತು. ಅದರ ಸಲಹೆಗಾರರು ಟಿ. ಡಬ್ಲ್ಯೂ. ಆರ್ನಾಲ್ಡ್. ಅಲಿಗಢ, ಲಾಹೋರಿನಲ್ಲಿ ಪಾಠ ಹೇಳಿದ್ದವರು, ಕವಿ ಇಕ್ಬಾಲರ ಗುರುಗಳು, ಹುಡುಗರನ್ನು ಪ್ರೀತಿಸುತ್ತಿದ್ದ ವಿದ್ವಾಂಸ. ಆ ಕುರ್ಚಿಯಲ್ಲಿ ಅವರಿಗಿಂತ ಒಳ್ಳೆಯವರನ್ನು ಕೂರಿಸಲು ಸಾಧ್ಯವಿರಲಿಲ್ಲ ಎಂದೇ ನನ್ನ ಅಭಿಪ್ರಾಯ. ತೊಂದರೆ ಕುರ್ಚಿಯದು.

ಕಚೇರಿ ತೆರೆದ ಕೆಲವೇ ತಿಂಗಳಿಗೆ, ಇಂಡಿಯಾ ಹೌಸ್ ಶುರುವಾಗಿ ಸರಿಯಾಗಿ ನಾಲ್ಕು ವರ್ಷಕ್ಕೆ, 1909ರ ಜುಲೈ 1ರ ರಾತ್ರಿ ನ್ಯಾಷನಲ್ ಇಂಡಿಯನ್ ಅಸೋಸಿಯೇಷನ್ನಿನ ಸಂತೋಷಕೂಟ. ಸೌತ್ ಕೆನ್ಸಿಂಗ್ಟನ್ನಿನ ಇಂಪೀರಿಯಲ್ ಇನ್ಸ್ಟಿಟ್ಯೂಟಿನಲ್ಲಿ ಸಂಗೀತ ಮುಗಿದು ಜನ ಹೊರಡುತ್ತಿದ್ದರು. ಯೂನಿವರ್ಸಿಟಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಮದನಲಾಲ್ ಧಿಂಗ್ರಾ ಮಾತಾಡಿಸುವವನಂತೆ ಹತ್ತಿರ ಬಂದು ಕರ್ಜನ್ ವೈಲಿಗೆ ಗುಂಡು ಹೊಡೆದ. ತಡೆಯಲು ಬಂದ ಪಾರ್ಸಿ ವೈದ್ಯ ಡಾ. ಕಾವಸ್ ಲಾಲ್‌ಕಾಕಾ ಕೂಡ ಸತ್ತರು. ಆಗಸ್ಟ್ 17ರಂದು ಪೆಂಟನ್‌ವಿಲ್ ಜೈಲಿನಲ್ಲಿ ಧಿಂಗ್ರಾನಿಗೆ ಗಲ್ಲು.

ಈ ಪ್ರಸಂಗದಲ್ಲಿ ನನ್ನನ್ನು ಕಾಡುವುದು ಒಂದು ಪತ್ರ. ಧಿಂಗ್ರಾನ ಅಣ್ಣನೇ ವೈಲಿಗೆ ಬರೆದಿದ್ದ, ತಮ್ಮ ದಾರಿ ತಪ್ಪುತ್ತಿದ್ದಾನೆ, ಸ್ವಲ್ಪ ನೋಡಿಕೊಳ್ಳಿ ಎಂದು. ವೈಲಿ ಅದರಂತೆ ಹುಡುಗನಿಗೆ ಪತ್ರ ಬರೆದು ಸಹಾಯಕ್ಕೆ ಕೈ ಚಾಚಿದ್ದ. ಅದೇ ವೈಲಿಗೆ ಸೇರಿದ ಕೆಲಸಗಳಲ್ಲಿ ವಿದ್ಯಾರ್ಥಿಗಳ ಮೇಲೆ ಕಣ್ಣಿಡುವುದೂ ಒಂದಾಗಿತ್ತು. ಊರಿನಲ್ಲಿ ಕೂತ ಅಣ್ಣನಿಗೆ ಅವೆರಡು ಒಂದೇ ಆಗಿ ಕಂಡಿರಬೇಕು. ತಮ್ಮನಿಗೆ ಕಾಣಲಿಲ್ಲ. ಕೊಲೆಯನ್ನು ನಾನು ಸಮರ್ಥಿಸುತ್ತಿಲ್ಲ. ಅಂದು ಸತ್ತ ಲಾಲ್‌ಕಾಕಾ ಯಾವ ಪಾಪ ಮಾಡಿದ್ದರು?

ಮುಂದಿನ ವರ್ಷ, 1910ರಲ್ಲಿ, ಮಾಹಿತಿ ಕಚೇರಿಯೂ ಅಸೋಸಿಯೇಷನ್ನೂ ಕ್ರಾಮ್‌ವೆಲ್ ರಸ್ತೆಯ 21ನೇ ನಂಬರಿನ ಮನೆಗೆ ಬಂದವು. ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿಗೆ ಮಕ್ಕಳನ್ನು ಕರೆದೊಯ್ದವರೆಲ್ಲ ಆ ಸಾಲನ್ನು ನೋಡಿಯೇ ಇರುತ್ತೀರಿ, ಮ್ಯೂಸಿಯಮ್ಮಿನ ಎದುರಿಗೇ ಇದೆ. ಹೊಸದಾಗಿ ಬಂದವರು ಕೆಲವು ದಿನ ತಂಗಲು ಕೋಣೆಗಳು, ವಾಚನಾಲಯ, ಮನೆ ಹುಡುಕಿ ಕೊಡುವ ವ್ಯವಸ್ಥೆ, ಎಲ್ಲ ಇತ್ತು. ಹುಡುಗರಲ್ಲಿ ಬಹಳ ಮಂದಿ ಅದನ್ನು ಗೂಢಚಾರರ ಮನೆಯೆಂದೇ ತಿಳಿದರು. ವಿಶ್ವವಿದ್ಯಾಲಯಕ್ಕೆ ಸೇರಲು ಭಾರತೀಯರಿಗೆ ಮಾತ್ರ ಸಲಹೆಗಾರರ ಶಿಫಾರಸು ಬೇಕೆಂಬ ಪದ್ಧತಿ ಬೆಳೆದಾಗ ಅನುಮಾನ ಇನ್ನೂ ಗಟ್ಟಿಯಾಯಿತು. ನಮ್ಮ ಟಿ. ಪಿ. ಕೈಲಾಸಂ ಆ ವರ್ಷಗಳಲ್ಲಿ ಭೂವಿಜ್ಞಾನ ಓದುತ್ತಿದ್ದ ರಾಯಲ್ ಕಾಲೇಜ್ ಆಫ್ ಸೈನ್ಸ್ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ. 1915ರಲ್ಲಿ ಮರಳುವ ತನಕ ಆ ಬೀದಿಗಳಲ್ಲಿ ಓಡಾಡಿದ ಮನುಷ್ಯ ಆ ಮನೆಯ ಬಗ್ಗೆ ಒಂದು ಪ್ರಹಸನ ಬರೆದಿದ್ದರೆ ಹೇಗಿರುತ್ತಿತ್ತು!

1922ರಲ್ಲಿ ಹೊರಬಂದ ಲಿಟ್ಟನ್ ಸಮಿತಿಯ ವರದಿ ಈ ಅಪನಂಬಿಕೆಯನ್ನು ಒಪ್ಪಿಕೊಂಡಿತು. ಆ ಹೊತ್ತಿಗೆ ವಿದ್ಯಾರ್ಥಿಗಳ ಜವಾಬ್ದಾರಿ 1920ರಲ್ಲಿ ಹುಟ್ಟಿದ ಭಾರತೀಯ ಹೈಕಮಿಷನರ ಕಚೇರಿಗೆ ಹೋಗಿತ್ತು.

ಅದೇ 1920ರಲ್ಲಿ ಇನ್ನೊಂದು ಬಾಗಿಲು ತೆರೆಯಿತು, ಹೆಚ್ಚು ಸದ್ದಿಲ್ಲದೆ. ಭಾರತದ ವೈಎಂಸಿಎ ಸಂಸ್ಥೆಯ ಮೊದಲ ಭಾರತೀಯ ಪ್ರಧಾನ ಕಾರ್ಯದರ್ಶಿ ಕೆ. ಟಿ. ಪಾಲ್ ಅವರ ಪ್ರಯತ್ನದಿಂದ ಲಂಡನ್ನಿನಲ್ಲಿ ಭಾರತೀಯ ವಿದ್ಯಾರ್ಥಿಗಳ ಹಾಸ್ಟೆಲ್ ಶುರುವಾಯಿತು. ಜಾಗ ಬ್ಲೂಮ್ಸ್‌ಬರಿಯ 'ಶೇಕ್ಸ್‌ಪಿಯರ್ ಹಟ್', ಮೊದಲ ಮಹಾಯುದ್ಧದಲ್ಲಿ ನ್ಯೂಜಿಲೆಂಡಿನ ಸೈನಿಕರ ವಿಶ್ರಾಂತಿಗೆಂದು ಕಟ್ಟಿದ್ದ ಮರದ ಕಟ್ಟಡ. ಆಮೇಲೆ ಅದು ಗೋವರ್ ಸ್ಟ್ರೀಟಿಗೆ ಬಂತು. ಕ್ರಾಮ್‌ವೆಲ್ ರಸ್ತೆಯಲ್ಲಿದ್ದ ಸೌಲಭ್ಯಗಳಿಗಿಂತ ಇಲ್ಲಿ ಹೆಚ್ಚಿನದೇನೂ ಇರಲಿಲ್ಲ: ಕೋಣೆ, ಊಟ, ಭಾಷಣ, ಹರಟೆ. ಒಂದೇ ವ್ಯತ್ಯಾಸ, ನಡೆಸುವವರು ಭಾರತೀಯರು. ಅಷ್ಟು ಸಾಕಾಯಿತು.

ಹೊಸಬನ ನಿಜವಾದ ಕಷ್ಟ ಕೋಣೆಯದೇ. ಬಣ್ಣ ನೋಡಿ ಬಾಗಿಲು ಹಾಕುವ ಮನೆಯೊಡತಿಯರ ಕತೆ ಆ ತಲೆಮಾರಿನ ಎಲ್ಲರಲ್ಲೂ ಇತ್ತು. ಬಾಡಿಗೆ ಮನೆಯ ವಿಷಯದಲ್ಲಿ ಇದನ್ನು ಕಾನೂನು ತಡೆದದ್ದು 1968ರಲ್ಲಿ. ವಿ. ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹಡಗು ಹತ್ತಿದಾಗ ಆ ಕಾನೂನು ಇನ್ನೂ ಮೂರು ದಶಕ ದೂರ. ಯು. ಆರ್. ಅನಂತಮೂರ್ತಿ 1963ರಲ್ಲಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದಲ್ಲಿ ಬರ್ಮಿಂಗ್‌ಹ್ಯಾಮಿಗೆ ಬಂದಾಗಲೂ ಇರಲಿಲ್ಲ. ಆದರೆ ಅಷ್ಟರಲ್ಲಿ ಬೇರೆ ಕೆಲವು ಬದಲಾಗಿದ್ದವು. 1950ರ ದಶಕದಲ್ಲಿ ಬ್ರಿಟಿಷ್ ಕೌನ್ಸಿಲ್ಲಿನವರು ಬಂದರು, ರೈಲು ನಿಲ್ದಾಣಗಳಿಗೇ ಹೋಗಿ ಹೊರದೇಶದ ವಿದ್ಯಾರ್ಥಿಗಳನ್ನು ಎದುರುಗೊಳ್ಳುತ್ತಿದ್ದರು. ಅವರಿಗೆ ಮನೆ ಹುಡುಕಿ ಕೊಡುತ್ತಿದ್ದರು, ಪರಿಚಯ ಶಿಬಿರ ನಡೆಸುತ್ತಿದ್ದರು. ಸಾಮ್ರಾಜ್ಯ ಹೋದ ಮೇಲೆ ಕಣ್ಣಿಡುವ ಅಗತ್ಯ ಕಡಿಮೆಯಾಗಿ, ನೋಡಿಕೊಳ್ಳುವುದು ಸುಲಭವಾಯಿತೋ ಏನೋ. 1980ರಿಂದ ಹೊರದೇಶದ ವಿದ್ಯಾರ್ಥಿಗಳು ಪೂರ್ತಿ ವೆಚ್ಚದ ಶುಲ್ಕ ಕೊಡಬೇಕಾದ ಮೇಲೆ ಸ್ವಾಗತಕ್ಕೆ ಇನ್ನೂ ಮೆರುಗು ಬಂತು. ಗಿರಾಕಿಗೆ ಸಿಗುವ ಮರ್ಯಾದೆಯೇ ಬೇರೆ. ವಿಮಾನ ನಿಲ್ದಾಣಕ್ಕೆ ಬಸ್ಸು, ಚೀಲದ ತುಂಬ ನಕ್ಷೆ, ಪೆನ್ನು, ಕೂಪನ್. ಜೊತೆಗೇ ವೀಸಾದ ನಿಯಮವಾಗಿ, ವಿಶ್ವವಿದ್ಯಾಲಯವೇ ಹುಡುಗ ತರಗತಿಗೆ ಬರುತ್ತಿದ್ದಾನೋ ಇಲ್ಲವೋ ಎಂದು ಗಮನಿಸಿ ಸರ್ಕಾರಕ್ಕೆ ವರದಿ ಒಪ್ಪಿಸಬೇಕು. ಚೀಲ ಕೊಡುವ ಸಂಸ್ಥೆಯೇ ಹಾಜರಿಯನ್ನೂ ಬರೆಯುತ್ತದೆ. ಲೀ-ವಾರ್ನರ್ ಇದ್ದಿದ್ದರೆ ತಲೆದೂಗುತ್ತಿದ್ದರು.

ಕಳೆದ ಸಲ ನಾನು ಹೀಥ್ರೋದಿಂದ ಕರೆತಂದ ಹುಡುಗನ ತಾಯಿ ವಾರಕ್ಕೊಮ್ಮೆ ನನಗೆ ಫೋನ್ ಮಾಡುತ್ತಿದ್ದರು. ಅವನು ಏನು ತಿನ್ನುತ್ತಾನೆ, ಯಾರ ಜೊತೆ ಓಡಾಡುತ್ತಾನೆ, ರಾತ್ರಿ ಎಷ್ಟು ಹೊತ್ತಿಗೆ ಮನೆ ಸೇರುತ್ತಾನೆ? ಮೊದಲ ಎರಡು ವಾರ ವಿಚಾರಿಸಿ ಹೇಳಿದೆ. ಮೂರನೆಯ ವಾರ ಹುಡುಗ ನನ್ನ ಫೋನ್ ಎತ್ತುವುದನ್ನು ನಿಲ್ಲಿಸಿದ. ತಪ್ಪು ಯಾರದೆಂದು ನನಗೆ ಅರ್ಥವಾಯಿತು. ಒಂದು ಶನಿವಾರ ಏನೂ ಕೇಳುವುದಿಲ್ಲವೆಂದು ಮೆಸೇಜು ಕಳಿಸಿ, ಫಿಟ್ಜ್‌ರಾಯ್ ಸ್ಕ್ವೇರಿಗೆ ಊಟಕ್ಕೆ ಕರೆದೆ. ಪಾಲ್ ಶುರುಮಾಡಿದ ಆ ಹಾಸ್ಟೆಲ್ 1953ರಿಂದ ಇರುವುದು ಅಲ್ಲಿಯೇ. ಉದ್ದನೆಯ ಮೇಜು, ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಹುಡುಗ ಬಂದ. ಅನ್ನಕ್ಕೆ ಬೇಳೆ ಸುರಿದುಕೊಂಡು, ಎರಡನೆಯ ಸಲ ಹಾಕಿಸಿಕೊಂಡು, ಆಮೇಲೆ ತಾನಾಗಿಯೇ ಮಾತು ಶುರು ಮಾಡಿದ.