ಭಾನುವಾರದ ರಜೆ ನಮಗೆ ಯಾರು ಕೊಟ್ರು?

ಕೆಲವು ತಿಂಗಳ ಹಿಂದೆ ನಾನೊಂದು ಶಪಥ ಮಾಡಿದ್ದೆ: ಭಾನುವಾರ ಫೋನ್ ಮುಟ್ಟೋದಿಲ್ಲ. ಬೆಳಿಗ್ಗೆ ಎದ್ದು ಫೋನನ್ನು ಬೀರುವಿನಲ್ಲಿಟ್ಟೆ. ಹನ್ನೊಂದು ಗಂಟೆಗೆ ಹೆಂಡತಿಯ ಫೋನಿಗೆ ನಮ್ಮ ಆಫೀಸಿಂದ ಕರೆ ಬಂತು. ಸರ್ವರ್ ಕೈಕೊಟ್ಟಿದೆ, ಐದೇ ನಿಮಿಷ ನೋಡಿ ಅಂತ. ಐದು ನಿಮಿಷ ಅಂದಿದ್ದು ಮುಗಿದಾಗ ಮಗಳು ಊಟ ಮಾಡಿ ಮಲಗಿದ್ದಳು.

ಅವತ್ತು ನನಗೆ ಒಂದು ಪ್ರಶ್ನೆ ಬಂತು. ಈ ಭಾನುವಾರದ ರಜೆ ನಮಗೆ ಬಂದಿದ್ದಾದರೂ ಎಲ್ಲಿಂದ? ಬ್ರಿಟಿಷರು ಚರ್ಚಿಗೆ ಹೋಗ್ತಿದ್ರು, ಅದಕ್ಕೇ ಬಂತು ಅಂದುಕೊಂಡಿದ್ದೆ. ಮುಂಬೈನ ಗಿರಣಿ ಕಾರ್ಮಿಕರ ಕಥೆ ಓದಿದ ಮೇಲೆ ಗೊತ್ತಾಯ್ತು, ಅವರಿಗೆ ಅದು ಯಾರೂ ಪುಕ್ಕಟೆ ಕೊಟ್ಟಿದ್ದಲ್ಲ.

ಮುಂಬೈನಲ್ಲಿ ಮೊದಲ ಬಟ್ಟೆ ಗಿರಣಿ ಶುರುವಾಗಿದ್ದು 1850ರ ದಶಕದಲ್ಲಿ. ಸೂರ್ಯ ಹುಟ್ಟಿದಾಗ ಯಂತ್ರ ಶುರು, ಮುಳುಗಿದಾಗ ನಿಲುಗಡೆ. 1881ರಲ್ಲಿ ಫ್ಯಾಕ್ಟರಿ ಕಾಯ್ದೆ ಬಂತು ನಿಜ. ಆದರೆ ಅದರಲ್ಲಿ ರಜೆ ಇದ್ದಿದ್ದು ಮಕ್ಕಳಿಗೆ ಮಾತ್ರ, ತಿಂಗಳಿಗೆ ನಾಲ್ಕು ದಿನ. ದೊಡ್ಡವರ ರಜೆ ಬಗ್ಗೆ ಕಾಯ್ದೆ ಏನೂ ಹೇಳಲಿಲ್ಲ.

ಇಲ್ಲಿ ಬರ್ತಾರೆ ನಾರಾಯಣ ಮೇಘಾಜಿ ಲೋಖಂಡೆ. ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದವರು, ‘ದೀನಬಂಧು’ ಪತ್ರಿಕೆ ನಡೆಸಿದವರು, ಸ್ವತಃ ಗಿರಣಿಯಲ್ಲಿ ಕೆಲಸ ಮಾಡಿ ಗೊತ್ತಿದ್ದವರು. 1884ರಲ್ಲಿ ಸುಮಾರು 5,500 ಕಾರ್ಮಿಕರ ಸಹಿ ಇದ್ದ ಮನವಿಯನ್ನು ಸರ್ಕಾರದ ಆಯೋಗದ ಮುಂದಿಟ್ಟರು. ಕೇಳಿದ್ದೇನು? ಭಾನುವಾರ ರಜೆ, ಮಧ್ಯಾಹ್ನ ಅರ್ಧ ಗಂಟೆ ವಿರಾಮ, ಸಂಜೆಯಾದರೆ ಯಂತ್ರ ನಿಲ್ಲಬೇಕು. ಭಾನುವಾರವೇ ಯಾಕೆ ಅಂದ್ರೆ, ಅದು ಖಂಡೋಬನ ವಾರ ಅನ್ನೋ ಮಾತೂ ಇತ್ತು. ಖಂಡೋಬ ಅಂದ್ರೆ ಬೇರೆ ಯಾರೂ ಅಲ್ಲ, ನಮ್ಮ ಮೈಲಾರಲಿಂಗನೇ.

ಆರು ವರ್ಷ ಹಿಡೀತು. 1890ರ ಏಪ್ರಿಲ್‌ನಲ್ಲಿ ಮಹಾಲಕ್ಷ್ಮಿಯ ರೇಸ್‌ಕೋರ್ಸ್ ಹತ್ತಿರ ಸುಮಾರು ಹತ್ತು ಸಾವಿರ ಜನ ಸೇರಿದರು. ಇಬ್ಬರು ಹೆಂಗಸರೂ ಅಲ್ಲಿ ಭಾಷಣ ಮಾಡಿದರು. ಜೂನ್ 10ರಂದು ಗಿರಣಿ ಮಾಲೀಕರ ಸಂಘ ಭಾನುವಾರದ ರಜೆ ಒಪ್ಪಿತು. 1891ರ ಕಾಯ್ದೆಯಲ್ಲಿ ವಾರದ ರಜೆ ಸೇರಿತು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಗಿರಣಿಗಳಿಗೆ ವಿದ್ಯುತ್ ದೀಪ ಬಂತು. ಕತ್ತಲಾದ್ರೆ ಕೆಲಸ ನಿಲ್ಲುತ್ತಿತ್ತಲ್ಲ, ಈಗ ಕತ್ತಲೇ ಆಗೋದಿಲ್ಲ! 1905ರ ಹೊತ್ತಿಗೆ ಮುಂಬೈನ ಹಲವು ಗಿರಣಿಗಳಲ್ಲಿ ದಿನಕ್ಕೆ 14–15 ಗಂಟೆ ದುಡಿಮೆ. ಬಟ್ಟೆ ಗಿರಣಿಗಳ ಗಂಡಸರಿಗೆ 12 ಗಂಟೆಯ ಮಿತಿ ಬರಲು 1911ರ ಕಾಯ್ದೆಯವರೆಗೂ ಕಾಯಬೇಕಾಯ್ತು.

ಇದನ್ನ ಓದುವಾಗ ನನಗೆ ನನ್ನ ಫೋನೇ ನೆನಪಾಯ್ತು. ದೀಪ ರಾತ್ರಿಯನ್ನ ತಿಂದಿತು, ಫೋನ್ ರಜೆಯನ್ನೂ ತಿಂತಿದೆ. ನಾವು ಮಾತ್ರ ಇದನ್ನ ನಮ್ಮ ಮನಸ್ಸಿನ ದೌರ್ಬಲ್ಯ ಅಂದ್ಕೊಂಡು, ಒಬ್ಬೊಬ್ಬರೇ ಶಪಥ ಮಾಡಿ, ಒಬ್ಬೊಬ್ಬರೇ ಸೋಲ್ತಿದ್ದೀವಿ. ಲೋಖಂಡೆ ಕಾರ್ಮಿಕರಿಗೆ ‘ಮನಸ್ಸು ಗಟ್ಟಿ ಮಾಡ್ಕೊಳ್ಳಿ’ ಅನ್ನಲಿಲ್ಲ. ಯಂತ್ರ ಎಲ್ಲರಿಗೂ ಒಟ್ಟಿಗೆ ನಿಲ್ಲಲಿ ಅಂದರು.

ಇವತ್ತಿಗೂ ನಡೆಯೋ ದಾರಿ ಅದೇ. ಫ್ರಾನ್ಸ್‌ನಲ್ಲಿ 2017ರಿಂದ ಕೆಲಸದ ಹೊತ್ತು ಮುಗಿದ ಮೇಲೆ ಸಂಪರ್ಕದಿಂದ ದೂರ ಇರೋ ಹಕ್ಕು ಕಾನೂನಿನಲ್ಲಿದೆ. ನಮ್ಮ ಲೋಕಸಭೆಯಲ್ಲಿ 2018ರಲ್ಲಿ ಸುಪ್ರಿಯಾ ಸುಳೆ ಇಂಥದ್ದೇ ಖಾಸಗಿ ಮಸೂದೆ ತಂದರು, ಅದು ಕಾನೂನಾಗಲಿಲ್ಲ. ನಮ್ಮ ಬೆಳಗಾವಿಯ ಪಕ್ಕದ ಸಾಂಗ್ಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾವ್ ಅಂತ ಒಂದು ಹಳ್ಳಿ. ಕೋವಿಡ್ ಕಾಲದ ಆನ್‌ಲೈನ್ ಪಾಠದ ನಂತರ ಮಕ್ಕಳು ಫೋನ್ ಬಿಡ್ತಿರಲಿಲ್ಲ. 2022ರಲ್ಲಿ ಊರವರೇ ಕೂತು ತೀರ್ಮಾನ ಮಾಡಿದರು: ಸಂಜೆ 7ಕ್ಕೆ ಸೈರನ್, ಒಂದೂವರೆ ಗಂಟೆ ಟೀವಿ, ಫೋನ್ ಎಲ್ಲಾ ಬಂದ್. ಹಿಂದೆ ಗಿರಣಿಯ ಭೋಂಗಾ ಕೆಲಸಕ್ಕೆ ಕರೀತಿತ್ತು, ಇಲ್ಲಿ ಭೋಂಗಾ ಬಿಡುವು ಕೊಡ್ತು.

ನಮ್ಮ ಟೀಮಿನ ಎಂಟು ಜನವೂ ಕೂತು ಮಾತಾಡಿದ್ವಿ. ಈಗ ಭಾನುವಾರ ಸರದಿ ಪ್ರಕಾರ ಒಬ್ಬರೇ ಫೋನ್ ನೋಡ್ಕೊಳ್ತಾರೆ, ಉಳಿದ ಏಳು ಜನಕ್ಕೆ ಯಾರೂ ಕರೆ ಮಾಡೋ ಹಾಗಿಲ್ಲ. ಮೂರು ತಿಂಗಳು ನೋಡೋಣ ಅಂದಿದ್ದಾರೆ ಮ್ಯಾನೇಜರ್. ಹೋದ ವಾರ ನನ್ನ ಸರದಿ ಇತ್ತು, ಎರಡು ಕರೆ ಬಂದವು. ಈ ಭಾನುವಾರ ಇಲ್ಲ, ಮಗಳ ಜೊತೆ ಊಟಕ್ಕೆ ಕೂರ್ತೀನಿ.

ನಿಮ್ಮ ಆಫೀಸಿನಲ್ಲಿ ಈ ಮಾತು ಯಾರಾದ್ರೂ ಎತ್ತಿದ್ದಾರಾ? ಇಲ್ಲ ಅಂದ್ರೆ ನೀವೇ ಎತ್ತಿ ನೋಡಿ. ಮುಂದಿನ ಮಾತುಕತೆಯಲ್ಲಿ ಸಿಗೋಣ.