ಮಕ್ಕಳ ಲೆಕ್ಕ, ಮೇಷ್ಟ್ರ ಲೆಕ್ಕ

ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಕರ್ನಾಟಕದ ಹಳ್ಳಿಗಳಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರು ಮನೆಮನೆಗೆ ಅಲೆಯುವುದು ಕಣ್ಣಿಗೆ ಬೀಳುತ್ತದೆ. ಇಲಾಖೆ ಇದನ್ನು ದಾಖಲಾತಿ ಆಂದೋಲನ ಎನ್ನುತ್ತದೆ. ಮೇಷ್ಟ್ರಿಗೆ ಇದರಲ್ಲಿ ಇನ್ನೊಂದು ಚಿಂತೆಯೂ ಸೇರಿದೆ. ಒಂದನೇ ತರಗತಿಗೆ ಈ ಸಲ ನಾಲ್ಕು ಮಕ್ಕಳು ಕಡಿಮೆ ಬಂದರೆ ಮುಂದಿನ ಪಟ್ಟಿಯಲ್ಲಿ ತಮ್ಮ ಹೆಸರಿನೆದುರು ‘ಹೆಚ್ಚುವರಿ’ ಎಂದು ಬೀಳಬಹುದು. ಹಾಗೆ ಬಿದ್ದರೆ ಬೇರೆ ಊರು, ಬೇರೆ ಶಾಲೆ. ನಮ್ಮ ಸರ್ಕಾರಿ ಶಾಲೆಗಳ ಚರಿತ್ರೆಯನ್ನು ಈ ಒಂದು ಪದದ ಬೆನ್ನು ಹಿಡಿದೂ ಹೇಳಬಹುದು ಎನ್ನಿಸಿದ್ದರಿಂದ ಈ ಬರಹ.

ಹಿಂದೆ ಮೈಸೂರು ಸೀಮೆಯಲ್ಲಿ ಕೂಲಿಮಠಗಳಿದ್ದವು, ಐಗಳು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಶಿಕ್ಷಣ ಇಲಾಖೆಯ ಹೊಣೆ ಹೊತ್ತಿದ್ದ ಬಿ.ಎಲ್. ರೈಸ್ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ತಂದ ಮೇಲೆ ಸರ್ಕಾರದ ಶಾಲೆ ಹಳ್ಳಿಯತ್ತ ಹೊರಟಿತು. ಮುಂಬೈ ಕರ್ನಾಟಕದಲ್ಲಿ ಮೊದಲ ಜಗಳ ಕಟ್ಟಡದ್ದಾಗಿರಲಿಲ್ಲ, ಭಾಷೆಯದು. ಕನ್ನಡದ ಮಕ್ಕಳು ಮರಾಠಿಯಲ್ಲಿ ಕಲಿಯಬೇಕಿತ್ತು. ಡೆಪ್ಯುಟಿ ಚನ್ನಬಸಪ್ಪನವರಂಥವರು ಪಟ್ಟು ಹಿಡಿದು ಕನ್ನಡ ಶಾಲೆಗಳನ್ನು ತೆರೆಸಿದರು. ನಿಜಾಮರ ಸೀಮೆಯಲ್ಲಿ ಉರ್ದುವಿನದೇ ದರ್ಬಾರು, ಶಾಲೆಗಳೂ ವಿರಳ. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, 1913ರಲ್ಲಿ, ಮೈಸೂರು ಸಂಸ್ಥಾನ ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕೆ ಕಾನೂನು ಮಾಡಿಕೊಂಡಿತು. 1956ರಲ್ಲಿ ಇವೆಲ್ಲ ಒಂದು ರಾಜ್ಯವಾದಾಗ ಒಂದೇ ಇಲಾಖೆಯ ಕೆಳಗೆ ಬಂದದ್ದು ಬೇರೆ ಬೇರೆ ಆರಂಭಗಳು. 2011ರ ಜನಗಣತಿಯಲ್ಲಿಯೂ ಆ ಬಿರುಕು ಮುಚ್ಚಿರಲಿಲ್ಲ: ಸಾಕ್ಷರತೆ ದಕ್ಷಿಣ ಕನ್ನಡದಲ್ಲಿ ಶೇ 88 ದಾಟಿತ್ತು, ಯಾದಗಿರಿಯಲ್ಲಿ ಶೇ 52ರ ಆಸುಪಾಸು ನಿಂತಿತ್ತು.

ಏಕೀಕರಣದ ನಂತರದ ನಾಲ್ಕು ದಶಕ ಸರ್ಕಾರಗಳ ಗಮನವೆಲ್ಲ ಊರಿಗೊಂದು ಶಾಲೆ ತೆರೆಯುವುದರ ಮೇಲಿತ್ತು. ಶಾಲೆಗೆ ಮೇಷ್ಟ್ರನ್ನು ತುಂಬುವ ಕೆಲಸ ಬಿರುಸಾದದ್ದು 1990ರ ದಶಕದಲ್ಲಿ, ಎಚ್.ಜಿ. ಗೋವಿಂದೇಗೌಡರು ಶಿಕ್ಷಣ ಸಚಿವರಾಗಿದ್ದಾಗ. ಅಂಕದ ಆಧಾರದ ಮೇಲೆ, ಲಂಚ ವಶೀಲಿ ಇಲ್ಲದೆ, ಲಕ್ಷದಷ್ಟು ಶಿಕ್ಷಕರ ನೇಮಕವಾಯಿತು ಎಂದು ಇವತ್ತಿಗೂ ಜನ ಅವರನ್ನು ನೆನೆಯುತ್ತಾರೆ. ಒಬ್ಬ ರಾಜಕಾರಣಿಯನ್ನು ಶಿಕ್ಷಕರು ಇಷ್ಟು ಪ್ರೀತಿಯಿಂದ ನೆನೆಯುವುದು ಅಪರೂಪ. ಆದರೆ ಒಂದೇ ಅಲೆಯಲ್ಲಿ ಸೇರಿದವರು ಒಂದೇ ಅಲೆಯಲ್ಲಿ ನಿವೃತ್ತರಾಗುತ್ತಾರೆ. ಆ ದಿನಗಳು ಈಗ ಬಂದಿವೆ.

ಆಮೇಲೆ ಊಟದ ಸರದಿ. ಅಕ್ಷರ ದಾಸೋಹ 2002ರ ಜೂನ್‌ನಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಶುರುವಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೂ ಹಬ್ಬಿತು. 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್, 2013ರ ಆಗಸ್ಟ್‌ನಿಂದ ಕ್ಷೀರ ಭಾಗ್ಯದ ಹಾಲು. 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮೊಟ್ಟೆ ಕೊಡಲು ಹೊರಟಾಗ ಮಠಾಧೀಶರಿಂದ ಹಿಡಿದು ಹೋರಾಟಗಾರರ ತನಕ ಎಲ್ಲರೂ ಮಾತಾಡಿದರು. ಮಕ್ಕಳು ಮಾತ್ರ ಮೊಟ್ಟೆ ತಿಂದು ಕೈ ತೊಳೆದುಕೊಂಡರು. ಸಮವಸ್ತ್ರ, ಪುಸ್ತಕ, ಶೂ ಇವುಗಳ ಪಟ್ಟಿಯನ್ನು ಬೆಳೆಸಬೇಕಿಲ್ಲ. ಮಕ್ಕಳನ್ನು ಶಾಲೆಗೆ ತರುವ ಕೆಲಸದಲ್ಲಿ ಕರ್ನಾಟಕ ಗೆದ್ದಿತು. ಈ ಗೆಲುವನ್ನು ಹಗುರವಾಗಿ ಕಾಣುವವರು ಹಸಿದ ಮಗುವಿಗೆ ಪಾಠ ಮಾಡಿ ನೋಡಿಲ್ಲ.

ಕಲಿಕೆಯ ವಿಷಯಕ್ಕೆ ಬಂದರೆ ಈ ನೆಲದ್ದೇ ಒಂದು ಪ್ರಯೋಗ ನಲಿ-ಕಲಿ. ಹೆಗ್ಗಡದೇವನಕೋಟೆಯ ಕೆಲವು ಶಿಕ್ಷಕರು ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿಕೊಂಡು ಬಂದು, ಯುನಿಸೆಫ್ ನೆರವಿನಲ್ಲಿ, 1995ರಲ್ಲಿ ತಮ್ಮ ತಾಲ್ಲೂಕಿನ ಶಾಲೆಗಳಲ್ಲಿ ಶುರು ಮಾಡಿದ್ದು. ಗುಂಪಿನಲ್ಲಿ ಕೂತು, ಕಾರ್ಡು ಹಿಡಿದು, ಪ್ರತಿ ಮಗು ತನ್ನ ನಡಿಗೆಯಲ್ಲಿ ಮೆಟ್ಟಿಲೇರುವ ಕ್ರಮ. 2009-10ರಲ್ಲಿ ಅದು ರಾಜ್ಯಕ್ಕೆಲ್ಲ ಹರಡಿತು. ಮೊದಲ ತರಗತಿಗಳ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸುವುದು ಅಲ್ಲಿ ಕಲಿಕೆಯ ಒಂದು ವಿಧಾನವಾಗಿತ್ತು. ಹರಡುತ್ತಾ ಹೋದಂತೆ ಮೇಷ್ಟ್ರು ಸಾಲದ ಕಡೆ ಅದೇ ಒಂದು ಅನುಕೂಲವೂ ಆಯಿತು. ಮೂರು ತರಗತಿ, ಒಬ್ಬರು ಶಿಕ್ಷಕರು, ‘ನಲಿ-ಕಲಿ ಇದೆಯಲ್ಲ’ ಎಂಬ ಸಮಾಧಾನ. ಶಿಕ್ಷಕರೇ ಕಟ್ಟಿದ ಒಂದು ಪದ್ಧತಿ ಶಿಕ್ಷಕರ ಕೊರತೆಗೆ ಪರದೆಯಾದದ್ದು ನನ್ನನ್ನು ಇಂದಿಗೂ ಕಾಡುತ್ತದೆ.

ಕೊರತೆಯ ಲೆಕ್ಕ ಹೀಗಿದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಯವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು, 90ರ ತನಕ ಮೂವರು. ಮೂವತ್ತು ಮಕ್ಕಳಿಗೊಬ್ಬರು ಎಂದರೆ ಕೇಳಲು ಚೆನ್ನಾಗಿದೆ. ಆದರೆ ಐವತ್ತು ಮಕ್ಕಳ ಹಳ್ಳಿ ಶಾಲೆಯಲ್ಲಿ ಐದು ತರಗತಿಗೆ ಇಬ್ಬರೇ ಆಗುತ್ತಾರೆ. ಒಬ್ಬರು ಬಿಇಒ ಕಚೇರಿಗೋ ತರಬೇತಿಗೋ ಚುನಾವಣೆ ಕೆಲಸಕ್ಕೋ ಹೋದ ದಿನ ಉಳಿಯುವುದು ಒಬ್ಬರು. ಕಾಯ್ದೆ ಮಕ್ಕಳ ತಲೆ ಎಣಿಸುತ್ತದೆ, ತರಗತಿಗಳನ್ನು ಎಣಿಸುವುದಿಲ್ಲ. ತಾಯಿ ತಂದೆ ತರಗತಿಗಳನ್ನೇ ಎಣಿಸುತ್ತಾರೆ. ತರಗತಿಗೊಬ್ಬ ಮೇಷ್ಟ್ರಿಲ್ಲದ ಶಾಲೆಯಿಂದ ಮಗುವನ್ನು ಬಿಡಿಸಿ, ಸಾಲ ಮಾಡಿಯಾದರೂ ವ್ಯಾನ್ ಬರುವ ಶಾಲೆಗೆ ಹಾಕುತ್ತಾರೆ. ಮಕ್ಕಳು ಕಡಿಮೆಯಾದರು ಎಂದು ಇನ್ನೊಬ್ಬ ಶಿಕ್ಷಕರು ಹೆಚ್ಚುವರಿಯಾಗುತ್ತಾರೆ. ಅವರು ಹೋದ ಮೇಲೆ ಇನ್ನಷ್ಟು ಮಕ್ಕಳು ಹೋಗುತ್ತಾರೆ. ದಾಖಲಾತಿ ಕುಸಿತಕ್ಕೆ ಇಂಗ್ಲಿಷ್ ವ್ಯಾಮೋಹವೊಂದೇ ಕಾರಣ ಎಂದು ವೇದಿಕೆಗಳಲ್ಲಿ ಕೇಳಿಸುತ್ತದೆ. ಅರ್ಧ ಕಾರಣ ಕಾಯ್ದೆಯ ಈ ಲೆಕ್ಕದಲ್ಲಿದೆ ಎಂಬುದು ನನ್ನ ಅನಿಸಿಕೆ.

ಖಾಲಿ ಜಾಗಕ್ಕೆ ಅತಿಥಿ ಶಿಕ್ಷಕರು ಬರುತ್ತಾರೆ. 2025-26ಕ್ಕೆ ಪ್ರಾಥಮಿಕ ಮತ್ತು ಪ್ರೌಢಶಾಲೆಗಳಿಗೆ ಸೇರಿ 51,000 ಮಂದಿಗೆ ಅನುಮತಿ ಸಿಕ್ಕಿತು. ಆ ವರ್ಷದ ಬಜೆಟ್ಟಿನಲ್ಲಿ ಗೌರವಧನ ಎರಡು ಸಾವಿರ ಹೆಚ್ಚಿ, ಪ್ರಾಥಮಿಕ ಶಾಲೆಯವರಿಗೆ ತಿಂಗಳಿಗೆ 12,000 ರೂಪಾಯಿ ಆಯಿತು. ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ಈ ‘ಅತಿಥಿ’ ಎಂಬ ಪದವನ್ನು ಇಟ್ಟವರು ಯಾರೋ, ಅತಿಥಿಯನ್ನು ನಾವು ಹೀಗೆ ನಡೆಸಿಕೊಳ್ಳುವುದಿಲ್ಲ. ಕಾಯಂ ನೇಮಕಾತಿ ನಡೆದಾಗಲೂ ಅದು ಸಲೀಸಲ್ಲ. 2022ರಲ್ಲಿ ಆರರಿಂದ ಎಂಟನೇ ತರಗತಿಗೆಂದು 15,000 ಪದವೀಧರ ಶಿಕ್ಷಕರ ಹುದ್ದೆಗೆ ಪರೀಕ್ಷೆ ನಡೆಯಿತು, ಆಯ್ಕೆಪಟ್ಟಿಗೆ ಬಂದವರು 13,363. ಉಳಿದ ಹುದ್ದೆಗಳಿಗೆ ಅರ್ಹರೇ ಸಿಗಲಿಲ್ಲ. ಆಯ್ಕೆಯಾದವರಲ್ಲಿ ವಿವಾಹಿತ ಮಹಿಳೆಯರ ಆದಾಯ ಪತ್ರ ಗಂಡನ ಹೆಸರಿನದೋ ತಂದೆಯ ಹೆಸರಿನದೋ ಎಂಬ ಪ್ರಶ್ನೆ ನ್ಯಾಯಾಲಯ ಹತ್ತಿತು. ಅಷ್ಟರಲ್ಲಿ ಒಂದು ಶೈಕ್ಷಣಿಕ ವರ್ಷ ಕಳೆದಿತ್ತು.

ಮಾಧ್ಯಮದ ಕತೆ ಎಲ್ಲರಿಗೂ ಗೊತ್ತಿರುವುದೇ. ನಾಲ್ಕನೇ ತರಗತಿಯ ತನಕ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಬೇಕು ಎಂದು 1994ರಲ್ಲಿ ಆದೇಶವಾಯಿತು. ಖಾಸಗಿ ಶಾಲೆಗಳ ಮೇಲೆ ಅದನ್ನು ಹೇರಲಾಗದೆಂದು 2008ರಲ್ಲಿ ಹೈಕೋರ್ಟ್ ಹೇಳಿತು, 2014ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೂ ಅದನ್ನೇ ಎತ್ತಿ ಹಿಡಿಯಿತು. ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯುವ ನಿರ್ಧಾರ 2019ರ ಜನವರಿಯ ಧಾರವಾಡ ಸಾಹಿತ್ಯ ಸಮ್ಮೇಳನವನ್ನು ಕಾವೇರಿಸಿತು, ಆದರೂ ಆ ವರ್ಷವೇ ಜಾರಿಯಾಯಿತು. ಇದಕ್ಕಿಂತ ಕಡಿಮೆ ಚರ್ಚೆಯಾದದ್ದು ಶೇ 25ರ ಸೀಟುಗಳ ವಿಚಾರ. ಶಿಕ್ಷಣ ಹಕ್ಕು ಕಾಯ್ದೆಯಡಿ 2012ರಿಂದ ಬಡ ಮಕ್ಕಳು ಖಾಸಗಿ ಶಾಲೆಗೆ ಸೇರಿದರು, ಶುಲ್ಕ ಸರ್ಕಾರ ಕೊಟ್ಟಿತು. ಪಕ್ಕದಲ್ಲೇ ಇದ್ದ ಸರ್ಕಾರಿ ಶಾಲೆ ಅದೇ ಸರ್ಕಾರದ ದುಡ್ಡಿನಲ್ಲಿ ಮಕ್ಕಳನ್ನು ಕಳೆದುಕೊಂಡಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇರುವ ಕಡೆ ಈ ಸೌಲಭ್ಯವಿಲ್ಲ ಎಂದು ನಿಯಮ ತಿದ್ದಿದ್ದು 2019ರಲ್ಲಿ. ಬಡ ಮಗುವಿನ ಪಾಲಿಗೆ ಒಂದು ಬಾಗಿಲು ಮುಚ್ಚಿತು, ಸರಿ. ಇನ್ನೊಂದು ಬಾಗಿಲ ಹಿಂದೆ ಮೇಷ್ಟ್ರು ಹೆಚ್ಚಾದರೇ ಎಂದು ಕೇಳಿದರೆ ಉತ್ತರ ಮೇಲೆಯೇ ಹೇಳಿಯಾಗಿದೆ.

ಕೋವಿಡ್ ಕಾಲದಲ್ಲಿ ಶುಲ್ಕ ಕಟ್ಟಲಾಗದವರು ಮಕ್ಕಳನ್ನು ಸರ್ಕಾರಿ ಶಾಲೆಗೆ ಮರಳಿ ತಂದರು. ಬಂದವರನ್ನು ಉಳಿಸಿಕೊಳ್ಳುವ ತಯಾರಿ ಇರಲಿಲ್ಲ, ಬಹಳಷ್ಟು ಮಂದಿ ಹೋದರು. ಗ್ರಾಮೀಣ ಮಕ್ಕಳ ಕಲಿಕೆ ಅಳೆಯುವ ಅಸರ್ ಸಮೀಕ್ಷೆಯಂತೆ 2018ರಲ್ಲಿ ನಮ್ಮ ಮೂರನೇ ತರಗತಿಯ ಐವರು ಮಕ್ಕಳಲ್ಲಿ ಒಬ್ಬರಷ್ಟು ಎರಡನೇ ತರಗತಿಯ ಪಾಠ ಓದಬಲ್ಲವರಾಗಿದ್ದರು. 2022ರಲ್ಲಿ ಹತ್ತರಲ್ಲಿ ಒಬ್ಬರೂ ಸಿಗಲಿಲ್ಲ.

ಹಣದ ಮಾತು. 2025-26ರ 4,09,549 ಕೋಟಿಯ ಬಜೆಟ್ಟಿನಲ್ಲಿ ಉನ್ನತ ಶಿಕ್ಷಣವೂ ಸೇರಿ ಶಿಕ್ಷಣಕ್ಕೆ ಸಿಕ್ಕಿದ್ದು 45,286 ಕೋಟಿ, ಅಂದರೆ ಶೇ 11. ಅದರ ದೊಡ್ಡ ಪಾಲು ಸಂಬಳಕ್ಕೆ ಹೋಗುತ್ತದೆ, ಹೋಗಬೇಕಾದ್ದೇ. ಉಳಿದುದರಲ್ಲಿ ಕೊಠಡಿ, ಶೌಚಾಲಯ, ನೀರು. 2022ರಲ್ಲಿ ‘ವಿವೇಕ’ ಹೆಸರಿನಲ್ಲಿ ಏಳು ಸಾವಿರಕ್ಕೂ ಹೆಚ್ಚು ಕೊಠಡಿ ಕಟ್ಟಲು ಹೊರಟಾಗ ಚರ್ಚೆ ನಡೆದದ್ದು ಗೋಡೆಗೆ ಯಾವ ಬಣ್ಣ ಎಂಬುದರ ಮೇಲೆ.

ಇನ್ನು ಎಸ್ಸೆಸ್ಸೆಲ್ಸಿ. 2023ರಲ್ಲಿ ಶೇ 83.89 ಮಕ್ಕಳು ಪಾಸಾಗಿದ್ದರು. ಮರುವರ್ಷ ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದರು. ಫಲಿತಾಂಶ ಎಷ್ಟು ಕುಸಿಯಿತೆಂದರೆ ಶೇ 20ರ ತನಕ ಕೃಪಾಂಕ ಕೊಟ್ಟು ಶೇ 73.40ಕ್ಕೆ ಎತ್ತಬೇಕಾಯಿತು. 2025ರಲ್ಲಿ ಆ ಕೃಪೆ ಇರಲಿಲ್ಲ, ಮೊದಲ ಪರೀಕ್ಷೆಯಲ್ಲಿ ಶೇ 66.14. ನನಗೆ ಈ ಕೊನೆಯ ಅಂಕಿ ಹಿಂದಿನವುಗಳಿಗಿಂತ ಹೆಚ್ಚು ಮರ್ಯಾದಸ್ಥವಾಗಿ ಕಾಣುತ್ತದೆ. ಅದೇ ವರ್ಷ ಅನುದಾನರಹಿತ ಶಾಲೆಗಳಲ್ಲಿ ಶೇ 75.59, ಸರ್ಕಾರಿ ಶಾಲೆಗಳಲ್ಲಿ ಶೇ 62.7 ಉತ್ತೀರ್ಣತೆ. ಓದಿದ ತಾಯಿ ತಂದೆಯ ಮಕ್ಕಳನ್ನೂ ಟ್ಯೂಷನ್ನನ್ನೂ ಕಳೆದು ನೋಡಿದರೆ ಈ ಅಂತರ ಎಷ್ಟು ಉಳಿದೀತು? ಎಲ್ಲರಿಗಿಂತ ಹಿಂದೆ ಬಿದ್ದದ್ದು ಶೇ 58.97 ಪಡೆದ ಅನುದಾನಿತ ಶಾಲೆಗಳು. ನಿವೃತ್ತರ ಜಾಗ ತುಂಬಲು ವರ್ಷಗಟ್ಟಲೆ ಅನುಮತಿ ಸಿಗದ ಶಾಲೆಗಳು ಇವೇ.

ಜಿಲ್ಲೆಗಳ ಪಟ್ಟಿಯಲ್ಲಿ ದಕ್ಷಿಣ ಕನ್ನಡ ಶೇ 91.12, ಕಲಬುರಗಿ ಶೇ 42.43. ಪ್ರಶ್ನೆಪತ್ರಿಕೆ ಒಂದೇ. ಸಂವಿಧಾನದ 371(ಜೆ) ವಿಧಿಯಿಂದ ಕಲ್ಯಾಣ ಕರ್ನಾಟಕದ ಹುದ್ದೆಗಳಲ್ಲಿ ಸ್ಥಳೀಯರಿಗೆ ದೊಡ್ಡ ಪಾಲು ಮೀಸಲಾಯಿತು. 2022ರ 15,000 ಹುದ್ದೆಗಳಲ್ಲಿ 5,000 ಆ ಭಾಗದವೇ ಆಗಿದ್ದವು. ಆದರೆ ಗಣಿತ, ವಿಜ್ಞಾನಕ್ಕೆ ಅರ್ಹರಾಗಿ ಬರಬೇಕಾದವರು ಇದೇ ಶೇ 42ರ ಪಟ್ಟಿಯಿಂದಲೇ ಎದ್ದು ಬರಬೇಕು.

ಈಗ ಹೊಸ ದಾರಿಯೆಂದು ತೋರಿಸುತ್ತಿರುವುದು ಕರ್ನಾಟಕ ಪಬ್ಲಿಕ್ ಶಾಲೆ. ಎಲ್‌ಕೆಜಿಯಿಂದ ಪಿಯುಸಿ ತನಕ ಒಂದೇ ಆವರಣ, ತರಗತಿಗೊಬ್ಬ ಶಿಕ್ಷಕರು, ಇಂಗ್ಲಿಷ್ ವಿಭಾಗ. ಇಂಥ 500 ಶಾಲೆಗಳನ್ನು ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ತೆರೆಯುವುದಾಗಿ 2025ರ ಬಜೆಟ್ ಹೇಳಿತು. ಸುತ್ತಲಿನ ಸಣ್ಣ ಶಾಲೆಗಳನ್ನು ಇವಕ್ಕೆ ವಿಲೀನ ಮಾಡುತ್ತಾರೆಂಬ ಸುದ್ದಿಗೆ ಹಳ್ಳಿಗಳಲ್ಲಿ ಪ್ರತಿಭಟನೆಯಾಗಿದೆ. ಅದೇ ವರ್ಷ ಆಗಸ್ಟ್‌ನಲ್ಲಿ ಸುಖದೇವ್ ಥೋರಟ್ ಆಯೋಗ ರಾಜ್ಯ ಶಿಕ್ಷಣ ನೀತಿಯ ವರದಿ ಕೊಟ್ಟು, ಐದನೇ ತರಗತಿಯ ತನಕವಾದರೂ ಕನ್ನಡ ಅಥವಾ ಮಾತೃಭಾಷೆಯಲ್ಲೇ ಕಲಿಸಿ ಎಂದಿತು. ಪಬ್ಲಿಕ್ ಶಾಲೆಯ ಬಾಗಿಲಲ್ಲಿ ಜನ ಸಾಲುಗಟ್ಟುವುದು ಬಣ್ಣದ ಗೋಡೆಗೋ ಇಂಗ್ಲಿಷಿಗೋ, ತರಗತಿಗೊಬ್ಬ ಮೇಷ್ಟ್ರಿಗೋ ಎಂದು ಇಲಾಖೆ ಬಿಡಿಸಿ ನೋಡಿಲ್ಲ. ನೋಡುವುದು ಕಷ್ಟವೇನಲ್ಲ: ಒಂದು ತಾಲ್ಲೂಕಿನಲ್ಲಿ ಐದು ವರ್ಷ, ಮಕ್ಕಳೆಷ್ಟೇ ಇರಲಿ, ಐದು ತರಗತಿಗೆ ಐವರು ಶಿಕ್ಷಕರನ್ನು ಕೊಟ್ಟು, ಆ ತಾಲ್ಲೂಕಿನಲ್ಲಿ ‘ಹೆಚ್ಚುವರಿ’ ಎಂಬ ಕಾಲಮ್ಮನ್ನೇ ಖಾಲಿ ಬಿಟ್ಟರಾಯಿತು.